ರಾದ್ಮಿಲಾ ಕತ್ತರಿಸದ ನಲವತ್ತು ಸೆಕೆಂಡು

ಪ್ರಭಾವತಿಗೆ ರಾದ್ಮಿಲಾಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಎದುರು ಸಿಕ್ಕರೆ ನಗುತ್ತಿದ್ದಳು, ದೀಪಾವಳಿಗೆ ಕೋಡುಬಳೆ ಡಬ್ಬಿ ತಂದುಕೊಡುತ್ತಿದ್ದಳು, ಆಕೆಯ ಸ್ಕಾರ್ಫು ಚೆನ್ನಾಗಿದೆ ಎನ್ನುತ್ತಿದ್ದಳು. ಆದರೆ ಭಾನುವಾರ ಬೆಳಿಗ್ಗೆ ಎಂಟೂವರೆಗೆ ತಾನು ಎದ್ದ ಕುರ್ಚಿಯಲ್ಲಿ ಆಕೆ ಕೂತಳೆಂದರೆ ಹೊಟ್ಟೆಯೊಳಗೆ ಸಣ್ಣಗೆ ಹೊಗೆಯಾಡತೊಡಗುತ್ತಿತ್ತು.

ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಶಿಕಾಗೋದ ಉತ್ತರದಂಚಿನ ಒಂದು ಸಣ್ಣ ಟಿ.ವಿ. ವಾಹಿನಿಯಲ್ಲಿ. ಟಯರ್ ಅಂಗಡಿಯ ಹಿಂದಿನ ಕಟ್ಟಡ, ಹನ್ನೊಂದು ಭಾಷೆಗಳ ಕಾರ್ಯಕ್ರಮ, ಎಲ್ಲಕ್ಕೂ ಸೇರಿ ಒಂದೇ ಸ್ಟುಡಿಯೋ. ಎಂಟರಿಂದ ಎಂಟೂವರೆ ಕನ್ನಡ, ಎಂಟೂವರೆಯಿಂದ ಒಂಬತ್ತು ಸರ್ಬಿಯನ್. ಪ್ರಭಾವತಿ ಮದುವೆಗೆ ಮುಂಚೆ ಬೆಂಗಳೂರು ದೂರದರ್ಶನದಲ್ಲಿ ಆರು ವರ್ಷ, ವಾರಕ್ಕೆರಡು ಸಲ, ವಾರ್ತೆ ಓದಿದವಳು. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವಳು ಗುರುತು ಹಿಡಿದು ಎರಡು ಮೊಳ ಹೆಚ್ಚು ಕೊಟ್ಟಿದ್ದಳು. ಆಮೇಲೆ ಇಂಜಿನಿಯರ್ ಉಪೇಂದ್ರನ ಕೈಹಿಡಿದು ಶಿಕಾಗೋ ಪಕ್ಕದ ಸ್ಕೋಕಿಗೆ ಬಂದಳು. ಮಗಳು ಆಶ್ರಿತಾ ಶಾಲೆಗೆ ಸೇರಿದ ಮೇಲೆ ಈ ಅರ್ಧ ಗಂಟೆಯನ್ನು ಹಟ ಹಿಡಿದು ಗಿಟ್ಟಿಸಿಕೊಂಡಳು. ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದಿದ್ದಳು: ಕನ್ನಡ ಕೂಟದ ಯುಗಾದಿ, ಮಕ್ಕಳ ಭರತನಾಟ್ಯ, ಊರಿಂದ ಬಂದ ಅತಿಥಿಗಳಿಗೆ 'ಅಮೆರಿಕಾ ಹೇಗನ್ನಿಸ್ತು?' ಎಂಬ ಪ್ರಶ್ನೆ.

ರಾದ್ಮಿಲಾ ಬಂದದ್ದು ಆರು ವರ್ಷ ತಡವಾಗಿ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ವರದಿಗಾರ್ತಿಯಾಗಿದ್ದಳಂತೆ, ಯುದ್ಧದ ಜಾಗಗಳಿಂದ ವರದಿ ಮಾಡಿದ್ದಳಂತೆ. ಮುಖದಲ್ಲಿ ಅಂಥ ಚೆಲುವೇನಿರಲಿಲ್ಲ. ನರೆಗೂದಲಿಗೆ ಬಣ್ಣವನ್ನೂ ಹಚ್ಚುತ್ತಿರಲಿಲ್ಲ. ಆದರೆ ಕ್ಯಾಮೆರಾದ ದೀಪ ಹತ್ತಿದರೆ ಕಾಗದ ನೋಡುತ್ತಿರಲಿಲ್ಲ. ಎದುರಿಗೆ ಕೂತವರು ಆಕೆ ಪ್ರಶ್ನೆ ಕೇಳುವುದಕ್ಕೆ ಮೊದಲೇ ಮಾತಾಡಲು ಶುರುಮಾಡುತ್ತಿದ್ದರು. ಬೇಕರಿಯ ಮುದುಕರು, ಲಾರಿ ಓಡಿಸುವವರು, ಚರ್ಚಿನ ಅಡುಗೆ ಹೆಂಗಸರು, ಎಲ್ಲರೂ ಆ ಕುರ್ಚಿಯಲ್ಲಿ ಕೂತು ನಕ್ಕರು, ಅತ್ತರು. ಪ್ರಭಾವತಿಯ ಎದುರು ಕೂತವರು ಕನ್ನಡ ಕೂಟದ ಅಧ್ಯಕ್ಷರಿಗೆ ಧನ್ಯವಾದ ಹೇಳುತ್ತಿದ್ದರು.

ಒಂದು ಭಾನುವಾರ ಮನೆಗೆ ಬಂದು ನೋಡಿದರೆ ಉಪೇಂದ್ರ ಸೋಫಾದಲ್ಲಿ ಕಾಲು ಮಡಿಚಿಕೊಂಡು ಸರ್ಬಿಯನ್ ಕಾರ್ಯಕ್ರಮ ನೋಡುತ್ತಿದ್ದ.

"ನಿಮಗೇನ್ರೀ ಅರ್ಥ ಆಗತ್ತೆ ಅದು?"

"ಒಂದಕ್ಷರಾನೂ ಇಲ್ಲ ಕಣೇ. ಆದ್ರೂ ಏಳೋಕೆ ಮನಸ್ಸೇ ಬರಲ್ಲ ನೋಡು," ಎಂದ ಆ ಪುಣ್ಯಾತ್ಮ.

ಅವತ್ತು ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

೨೦೦೯ರ ಚಳಿಗಾಲದ ಹೊತ್ತಿಗೆ ಎಲ್ಲರ ಮನೆಯಲ್ಲೂ ಒಂದೇ ಮಾತು: ಯಾರ ಕೆಲಸ ಹೋಯಿತು, ಯಾರ ಮನೆಯನ್ನು ಬ್ಯಾಂಕು ತೆಗೆದುಕೊಂಡಿತು. ವಾಹಿನಿಗೆ ಜಾಹೀರಾತು ಕೊಡುತ್ತಿದ್ದ ಅಂಗಡಿಗಳು ಒಂದೊಂದಾಗಿ ಹಿಂದೆ ಸರಿದವು. ಮ್ಯಾನೇಜರ್ ಕೀತ್ ಎಲ್ಲರನ್ನೂ ಕರೆಸಿ, ಸಣ್ಣ ಕಾರ್ಯಕ್ರಮಗಳೆಲ್ಲ ಸದ್ಯಕ್ಕೆ ಬಂದ್ ಎಂದ. ಅವುಗಳ ಬದಲಿಗೆ ವಾರಕ್ಕೊಂದು ಗಂಟೆಯ ಇಂಗ್ಲಿಷ್ ಸರಣಿ. ಹೊರದೇಶಗಳಿಂದ ಬಂದವರ ಮನೆಗಳಲ್ಲಿ ಕೆಲಸ ಹೋದ ಮೇಲೆ ಏನಾಗುತ್ತಿದೆ ಎಂಬುದು ಅದರ ವಿಷಯ. ಅದನ್ನು ರಾದ್ಮಿಲಾ ಮಾಡುತ್ತಾಳೆ. "ಪ್ರಭಾ, ನಿನಗೆ ಇಂಡಿಯನ್ನರೆಲ್ಲ ಗೊತ್ತು. ನೀನು ಕಮ್ಯುನಿಟಿ ಲಿಯೇಸಾನ್," ಎಂದ.

"ಹಾಗಂದ್ರೆ ಫೋನ್ ನಂಬರ್ ಹುಡುಕಿ ಕೊಡೋಳು," ಎಂದು ಅವಳು ಉಪೇಂದ್ರನಿಗೆ ವಿವರಿಸಿದಳು. ಬಿಟ್ಟುಬಿಡು ಎಂದ ಅವನು. ಬಿಡಲಿಲ್ಲ. ಬಿಟ್ಟರೆ ಆ ಕಟ್ಟಡದ ಬಾಗಿಲೇ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ.

ಮೂರನೆಯ ವಾರಕ್ಕೆ ರಾದ್ಮಿಲಾ ಡೆಟ್ರಾಯಿಟ್‌ಗೆ ಹೋಗೋಣ ಎಂದಳು. ಕಾರು ಕಂಪನಿಗಳು ಕುಸಿದ ಜಾಗ, ಅಲ್ಲಿ ನಿಮ್ಮವರು ಯಾರೂ ಇಲ್ಲವೇ ಎಂದು ಕೇಳಿದಳು. ಇದ್ದರು. ಟ್ರಾಯ್ ಎಂಬ ಉಪನಗರದಲ್ಲಿ ವಿಜಯ್ ಕುಮಾರ್ ಎಂಬ ಡಿಸೈನ್ ಇಂಜಿನಿಯರ್. ಮಂಡ್ಯದ ಕಡೆಯವನು, ವರ್ಕ್ ವೀಸಾದವನು. ಕೆಲಸ ಹೋಗಿ ಮೂರು ವಾರವಾಗಿತ್ತು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಹೆಂಡತಿ ಲತಾಶ್ರೀಗೆ ಎರಡು ತಿಂಗಳ ಹಸುಗೂಸು. ತಾಯಿಯಿಲ್ಲದ ಸೊಸೆಯ ಬಾಣಂತನಕ್ಕೆಂದು ಅವನ ತಾಯಿ ಚಿಕ್ಕತಾಯಮ್ಮ ಊರಿನಿಂದ ಬಂದಿದ್ದಳು.

ಬೆಳಗಿನ ಜಾವ ಹೊರಟರು. ರಾದ್ಮಿಲಾ ಕಾರು ಓಡಿಸಿದಳು, ಕ್ಯಾಮೆರಾದ ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆದಳು. ಇನ್ನೂರತೊಂಬತ್ತು ಮೈಲು, ಎರಡೂ ಕಡೆ ಕೊಳೆಯಾದ ಹಿಮ. ಡೆಟ್ರಾಯಿಟ್ ಹತ್ತಿರವಾಗುತ್ತಿದ್ದಂತೆ ಹೊಗೆಯಿಲ್ಲದ ಚಿಮಣಿಗಳನ್ನು ನೋಡಿ ರಾದ್ಮಿಲಾ, "ನಮ್ಮೂರಿನ ಹಾಗೇ ಇದೆ," ಎಂದಳು. ಯಾವ ಊರು, ಹೇಗೆ ಎಂದು ಕೇಳುವ ಮನಸ್ಸು ಪ್ರಭಾವತಿಗೆ ಆಗಲಿಲ್ಲ.

ವಿಜಯ್ ಕುಮಾರ್ ಶರ್ಟು ಇನ್ ಮಾಡಿಕೊಂಡು ಕೂತು, ಒಳ್ಳೆಯ ಇಂಗ್ಲಿಷಿನಲ್ಲಿ, ಹೇಳಬೇಕಾದ್ದನ್ನೆಲ್ಲ ಹೇಳಿದ. ಮಾರುಕಟ್ಟೆ ಸರಿಹೋಗುತ್ತದೆ, ಹದಿನಾಲ್ಕು ಕಡೆ ಅಪ್ಲೈ ಮಾಡಿದ್ದೇನೆ, ಆಶಾವಾದಿಯಾಗಿದ್ದೇನೆ. ಅದರಲ್ಲಿ ಕಾರ್ಯಕ್ರಮವಾಗುವಂಥದ್ದು ಏನೂ ಇಲ್ಲವೆಂಬುದು ಪ್ರಭಾವತಿಗೂ ಗೊತ್ತಾಯಿತು, ಒಳಗೊಳಗೇ ತೃಪ್ತಿಯೂ ಆಯಿತು. ಮುಗಿಸಿದವನೇ ಹಾಲು ತರುತ್ತೇನೆಂದು ಅವನು ಹೊರಗೆ ಹೋದ.

ರಾದ್ಮಿಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕಿಯ ಕಡೆ ತಿರುಗಿದಳು. "ಅಮ್ಮನನ್ನು ಕೇಳು. ಮಗ ಮನೆಯಲ್ಲಿರುವುದನ್ನು ನೋಡಿದರೆ ಏನನ್ನಿಸುತ್ತದೆ?"

ಪ್ರಭಾವತಿ ಕೇಳಿದಳು. ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಕ್ಯಾಮೆರಾವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಪ್ರಭಾವತಿಯನ್ನೇ ನೋಡುತ್ತ ಹೇಳಿದಳು:

"ಏನ್ ಯೋಳನವ್ವ. ನಮ್ಮೂರಲ್ಲಿ ಕೆಲ್ಸ ಇಲ್ದೋನು ಅಳ್ಳಿಕಟ್ಟೆ ಮ್ಯಾಲೆ ಕೂತ್ಕತಾನೆ. ನಾಕ್ ಜನ ಯಾಕ್ಲಾ ಇಂಗ್ ಕೂತಿದ್ದೀಯೆ ಅಂತ ಕೇಳ್ತರೆ. ಇಲ್ಲಿ ನನ್ ಮಗಂಗೆ ಕೂರಕ್ಕೊಂದು ಕಟ್ಟೆ ಇಲ್ಲ ಕಣವ್ವ. ದಿನಾ ಒತ್ತಾರೆ ಮನೆ ಮುಂದ್ಲ ಕಾರಲ್ಲಿ ಓಗಿ ಕೂತ್ಕತಾನೆ. ಎಲ್ಲಿಗೂ ಓಗಕಿಲ್ಲ, ಸುಮ್ನೆ ಕೂತಿರ್ತಾನೆ. ನಾನು ಕಾಪಿ ತಕಂಡೋಗಿ ಗಾಜು ತಟ್ತೀನಿ. ಗಾಜು ಇಳಿಸ್ತನೆ, ಲೋಟ ಈಸ್ಕತನೆ, ತಿರ್ಗಾ ಗಾಜು ಏರಿಸ್ಕತನೆ. ನಾ ಎತ್ತ ಮಗ ಕಣವ್ವ, ಅವನ ಜೊತೇಲಿ ಮಾತಾಡಕ್ಕೆ ಗಾಜು ತಟ್ಬೇಕು."

ಹೇಳುವಾಗ ಬೆರಳಿನ ಗೆಣ್ಣಿನಿಂದ ಗಾಳಿಯಲ್ಲೇ ಎರಡು ಸಲ ತಟ್ಟಿ ತೋರಿಸಿದಳು.

ಹನ್ನೆರಡು ವರ್ಷದಲ್ಲಿ ಪ್ರಭಾವತಿಯ ಮುಂದೆ ಯಾರೂ ಇಂಥ ಮಾತು ಆಡಿರಲಿಲ್ಲ. ಇದೊಂದೇ ಸಾಕು, ಇಡೀ ಕಾರ್ಯಕ್ರಮ ಎದ್ದು ನಿಲ್ಲುತ್ತದೆ ಎಂದು ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು. ಎದ್ದು ನಿಲ್ಲುವುದು ರಾದ್ಮಿಲಾಳ ಕಾರ್ಯಕ್ರಮ ಎಂಬುದೂ ಅದರ ಹಿಂದೆಯೇ ಹೊಳೆಯಿತು. ತನ್ನ ಭಾಷೆಯ ಮಾತು, ತನ್ನ ಮುಖ ನೋಡಿಕೊಂಡು ಆಡಿದ ಮಾತು, ಹೋಗಿ ಬೀಳುವುದು ಅವಳ ಮಡಿಲಿಗೆ.

"ಏನಂದರು?" ಎಂದಳು ರಾದ್ಮಿಲಾ.

"ಬೇಜಾರಾಗುತ್ತದಂತೆ. ಮಗನಿಗೆ ಬೇಗ ಕೆಲಸ ಸಿಗಲಿ ಅಂತ ದೇವರನ್ನು ಬೇಡಿಕೊಳ್ಳುತ್ತಾರಂತೆ."

"ಅಷ್ಟು ಹೊತ್ತು ಮಾತಾಡಿದರು. ಇಷ್ಟೇನಾ?"

"ನಮ್ಮ ಭಾಷೆಯಲ್ಲಿ ಒಂದೇ ಮಾತನ್ನ ನಾಲ್ಕು ಸಲ ಹೇಳ್ತೀವಿ," ಎಂದಳು ಪ್ರಭಾವತಿ.

ಹಿಂತಿರುಗುವಾಗ ಅರ್ಧ ದಾರಿಯಲ್ಲಿ, ಕಲಮಜೂ ಎಂಬ ಊರಿನ ಹತ್ತಿರ, ಹೆದ್ದಾರಿ ಬಿಟ್ಟು ಊಟಕ್ಕೆ ನಿಂತರು. ಕ್ಯಾಮೆರಾದ ಹುಡುಗಿ ಫೋನಿಗೆಂದು ಎದ್ದುಹೋದಾಗ ರಾದ್ಮಿಲಾ ತಾನಾಗಿಯೇ ಮಾತು ತೆಗೆದಳು. ಅವಳ ಊರು ಕ್ರಾಗುಯೆವಾತ್ಸ್. ಊರೆಂದರೆ ಒಂದು ಕಾರು ಕಾರ್ಖಾನೆ, ಅಪ್ಪ ಅದರಲ್ಲಿ ಬಣ್ಣ ಹಾಕುವವನು. ಬೆಲ್‌ಗ್ರೇಡಿನಲ್ಲಿ ಓದಿ ಇಪ್ಪತ್ತಮೂರಕ್ಕೆ ಟಿ.ವಿ. ಸೇರಿದ್ದಳು. ಯುದ್ಧದ ವರ್ಷಗಳಲ್ಲಿ ಒಂದು ದಿನ ಊರು ಬಿಟ್ಟು ಹೊರಟವರ ಟ್ರ್ಯಾಕ್ಟರುಗಳ ಸಾಲಿನಲ್ಲಿ ಒಬ್ಬ ಮುದುಕಿಯನ್ನು ಮಾತಾಡಿಸಿದ್ದಳು.

"ಅವಳು ಹೇಳಿದ್ದು ಇಷ್ಟೇ: ನನಗೆ ಯಾರ ಮೇಲೂ ಸಿಟ್ಟಿಲ್ಲ, ಹಟ್ಟಿಯಲ್ಲಿ ಹಸು ಕಟ್ಟಿಹಾಕಿ ಬಂದಿದ್ದೇನೆ, ಯಾರಾದರೂ ಹೋಗಿ ನೀರು ಕುಡಿಸಿ. ಆಫೀಸಿನಲ್ಲಿ ಅವಳ ಧ್ವನಿ ತೆಗೆದುಹಾಕಿದರು. ಮುಖ ಮಾತ್ರ ಇಟ್ಟು, ಬೇರೆ ಮಾತು ಬರೆದು ನನ್ನ ಕೈಗೆ ಕೊಟ್ಟರು. ಈ ತಾಯಿ ಸೇಡು ಕೇಳುತ್ತಿದ್ದಾಳೆ ಅಂತ. ನಾನು ಓದಿದೆ." ರಾದ್ಮಿಲಾ ಕಾಫಿಯನ್ನು ಕಲಕಿದಳು. "ಚೆನ್ನಾಗಿ ಓದಿದೆ. ಅದರಿಂದಲೇ ರಾತ್ರಿಯ ಮುಖ್ಯ ವಾರ್ತೆಗೆ ಬಡ್ತಿ ಸಿಕ್ಕಿತು. ಏಳು ವರ್ಷ ಆ ಕುರ್ಚಿಯಲ್ಲಿದ್ದೆ. ಆಮೇಲೆ ಒಂದು ದಿನ ಆಗಲಿಲ್ಲ, ಎದ್ದು ಬಂದುಬಿಟ್ಟೆ. ಇಲ್ಲಿಗೆ ಬಂದು ನಾಲ್ಕು ವರ್ಷ ವೆಸ್ಟ್‌ಮಂಟಿನ ಉಪನಗರದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸಿದೆ. ನೆಲ ಒರೆಸುವಾಗ ಬೇಜಾರಾಗುತ್ತಿರಲಿಲ್ಲ, ಗೊತ್ತಾ?"

ಪ್ರಭಾವತಿಗೆ ಮೊದಲು ಭಯವಾಯಿತು. ಇವಳಿಗೆ ಗೊತ್ತಾಗಿಬಿಟ್ಟಿತೇ ಎಂದು ಮುಖ ನೋಡಿದಳು. ಇಲ್ಲ, ಸುಮ್ಮನೆ ಹೇಳುತ್ತಿದ್ದಳು. ಭಯ ಇಳಿದ ಜಾಗಕ್ಕೆ ಬಂದು ಕೂತದ್ದು ಪಶ್ಚಾತ್ತಾಪವಲ್ಲ. ಕಾರಿನಲ್ಲಿ ನೂರು ಮೈಲು ಅವಳನ್ನು ಕೊರೆದದ್ದು ಬೇರೆಯೇ: ಇವಳು ಮಾಡಿದ ತಪ್ಪು ಕೂಡ ನನ್ನದಕ್ಕಿಂತ ದೊಡ್ಡದು. ಒಂದು ದೇಶ, ಒಂದು ಯುದ್ಧ, ಏಳು ವರ್ಷ. ನನ್ನದು ಟ್ರಾಯ್‌ನ ಒಂದು ಅಡುಗೆಮನೆ.

ಎಡಿಟಿಂಗ್ ಕೋಣೆಯಲ್ಲಿ ಕೀತ್ ಕೈಗಡಿಯಾರ ನೋಡಿಕೊಂಡು, "ಅಜ್ಜಿ ದೇವರನ್ನು ಬೇಡುತ್ತಾಳೆ ಅನ್ನುವುದಕ್ಕೆ ಎಂಟು ಸೆಕೆಂಡು ಸಾಕು," ಎಂದ. ರಾದ್ಮಿಲಾ ಒಪ್ಪಲಿಲ್ಲ. ನಲವತ್ತು ಸೆಕೆಂಡು ಹಾಗೇ ಇರಲಿ, ಧ್ವನಿಯೂ ಇರಲಿ, ಕೆಳಗೆ ಇಂಗ್ಲಿಷ್ ಅಕ್ಷರ ಹಾಕೋಣ ಎಂದಳು. ಪರದೆಯ ಮೇಲೆ ಚಿಕ್ಕತಾಯಮ್ಮ ಗಾಳಿಯಲ್ಲಿ ಗೆಣ್ಣು ತಟ್ಟುವಲ್ಲಿಗೆ ನಿಲ್ಲಿಸಿ, "ಪ್ರಭಾ, ಇದೇನು? ಏನನ್ನು ತಟ್ಟುತ್ತಿದ್ದಾಳೆ?" ಎಂದು ಕೇಳಿದಳು.

ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದೇ ಬೇರೆ.

"ಬಾಗಿಲು. ದೇವರ ಮನೆಯ ಬಾಗಿಲು. ದಿನಾ ತಟ್ಟುತ್ತೇನೆ, ಒಳಗಿಂದ ಉತ್ತರವಿಲ್ಲ ಅಂತ."

ರಾದ್ಮಿಲಾ ಪೆನ್ನು ಕೆಳಗಿಟ್ಟಳು. "ಇದನ್ನು ಆಗಲೇ ಯಾಕೆ ಹೇಳಲಿಲ್ಲ?" ಎಂದಳು, ಸಂತೋಷದಿಂದ.

ಕಾರ್ಯಕ್ರಮ ಭಾನುವಾರ ಪ್ರಸಾರವಾಯಿತು. ಸಂಜೆಯ ಹೊತ್ತಿಗೆ ಫೋನುಗಳು ಶುರುವಾದವು. ಉತ್ತರ ಕೊಡದ ದೇವರ ಬಾಗಿಲು ತಟ್ಟುವ ಭಾರತೀಯ ತಾಯಿಯ ಬಗ್ಗೆ ಪೋಲೆಂಡಿನವರು, ಮೆಕ್ಸಿಕೋದವರು, ಒಬ್ಬ ಪಾದ್ರಿ, ಎಲ್ಲರೂ ಕೀತ್‌ನ ಹತ್ತಿರ ಮಾತಾಡಿದರು. ನಗರದ ದೊಡ್ಡ ವಾಹಿನಿಯೊಂದರಿಂದಲೂ ಕರೆ ಬಂತು: ಆ ತುಣುಕನ್ನು ತಾವೂ ತೋರಿಸುತ್ತೇವೆ, ರಾದ್ಮಿಲಾ ಬಂದು ಇಂಥದೇ ಆರು ವರದಿ ಮಾಡಿಕೊಡಲಿ. ಪ್ರಭಾವತಿ ಕಿತ್ತುಕೊಳ್ಳಲು ಹೋದಳು. ಕೈಯಾರೆ ಕಿರೀಟ ಮಾಡಿ ತೊಡಿಸಿದಂತಾಯಿತು.

ಸೋಮವಾರ ಮಧ್ಯಾಹ್ನ ಟ್ರಾಯ್‌ನಿಂದ ಲತಾಶ್ರೀ ಫೋನ್ ಮಾಡಿದಳು.

"ಆಂಟಿ, ಲಿಂಕಲ್ಲಿ ನೋಡಿದ್ವಿ. ತುಂಬಾ ಚೆನ್ನಾಗ್ ಬಂದಿದೆ. ಆದ್ರೆ ಅತ್ತೆ ಮಾತಿಗೆ ಇಂಗ್ಲಿಷಲ್ಲಿ ಯಾಕೆ ಹಾಗೆ ಹಾಕಿದೀರ? ಅವ್ರು ದೇವ್ರು ಅಂತಾನೇ ಅನ್ಲಿಲ್ವಲ್ಲ."

ಪ್ರಭಾವತಿ ಏನೋ ತೊದಲಿದಳು. ಜಾಗ ಸಾಲಲಿಲ್ಲ, ಇಲ್ಲಿಯವರಿಗೆ ಅರ್ಥವಾಗಲಿ ಅಂತ...

"ಹೋಗ್ಲಿ ಬಿಡಿ ಆಂಟಿ. ವಿಜಯ್ ಕನ್ನಡದಲ್ಲಿ ಕೇಳಿಸ್ಕೊಂಡ್ರಲ್ಲ, ಅಷ್ಟು ಸಾಕು. ಅವ್ರಿಗೆ ಗೊತ್ತೇ ಇರ್ಲಿಲ್ಲ, ಅವ್ವ ಇದನ್ನೆಲ್ಲ ಮನಸ್ಸಿಗೆ ಹಚ್ಕೊಂಡಿದಾರೆ ಅಂತ. ಇವತ್ತು ಬೆಳಿಗ್ಗೆ ಕಾಫಿನ ಒಳಗೇ ಕೂತು ಕುಡಿದ್ರು. ಅತ್ತೆ ಪಕ್ಕದಲ್ಲಿ."

ಫೋನ್ ಇಟ್ಟ ಮೇಲೆ ಪ್ರಭಾವತಿ ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದಳು. ಈಗ ರಾದ್ಮಿಲಾಳಿಗೆ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ದೊಡ್ಡ ವಾಹಿನಿಯ ಕೆಲಸ ಕೈತಪ್ಪುತ್ತದೆ ಎಂಬುದೂ ಗೊತ್ತಿತ್ತು. ಇಷ್ಟು ದಿನ ಬಾಯಿಗೆ ಬಾರದ ಸತ್ಯ ಇವತ್ತು, ಆ ಕೆಲಸದ ಸುದ್ದಿ ಬಂದ ಮೇಲೆ, ಇಷ್ಟು ಸಲೀಸಾಗಿ ನಾಲಿಗೆಯ ತುದಿಗೆ ಬಂದು ಕೂತಿದೆಯಲ್ಲ, ಇದು ಎಂಥ ಸತ್ಯ ಎಂದು ತನ್ನನ್ನೇ ಕೇಳಿಕೊಂಡಳು. ಆದರೂ ಕಾರು ತೆಗೆದಳು.

ರಾದ್ಮಿಲಾ ಸ್ಟುಡಿಯೋದಲ್ಲಿ ಒಬ್ಬಳೇ ವೈರು ಸುತ್ತುತ್ತಿದ್ದಳು. ಪ್ರಭಾವತಿ ನಿಂತಲ್ಲೇ ಎಲ್ಲ ಹೇಳಿದಳು. ಮರೆವು, ಗಡಿಬಿಡಿ ಎಂದು ತೇಪೆ ಹಾಕಲಿಲ್ಲ. "ಬೇಕೆಂದೇ ಮಾಡಿದೆ. ಆ ಮಾತು ನಿನಗೆ ಸಿಗಬಾರದು ಅನ್ನಿಸಿತು," ಎಂದಳು.

ರಾದ್ಮಿಲಾಳ ಕೈ ವೈರಿನ ಮೇಲೆ ನಿಂತಿತು. ಬೈಯುತ್ತಾಳೆಂದು ಪ್ರಭಾವತಿ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು.

"ಮುದುಕಿ ನಿಜವಾಗಿ ಏನು ಹೇಳಿದಳು?"

ಪ್ರಭಾವತಿ ಹೇಳಿದಳು. ಕಟ್ಟೆಗೆ ಇಂಗ್ಲಿಷಿನಲ್ಲಿ ಪದ ಸಿಗದೆ, ಮರದ ಸುತ್ತ ಕಲ್ಲು ಕಟ್ಟಿರುತ್ತಾರೆ, ಊರಿನವರು ಕೂರುತ್ತಾರೆ ಎಂದು ವಿವರಿಸಿದಳು. ಕಾರು, ಗಾಜು, ಲೋಟ.

"ಇನ್ನೊಮ್ಮೆ ಹೇಳು," ಎಂದಳು ರಾದ್ಮಿಲಾ. ಎರಡನೆಯ ಸಲ ಕೇಳಿ ಕುರ್ಚಿಯಲ್ಲಿ ಕೂತಳು. "ನಿನಗೆ ಅದರ ಬೆಲೆ ತಕ್ಷಣ ಗೊತ್ತಾಯಿತು, ಅಲ್ಲವಾ? ಗೊತ್ತಾಗದವಳಾಗಿದ್ದರೆ ಇದ್ದದ್ದು ಇದ್ದಹಾಗೆ ಅನುವಾದ ಮಾಡಿಬಿಡುತ್ತಿದ್ದೆ." ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಆಮೇಲೆ ತಲೆಯೆತ್ತಿ, ಮೊದಲ ಸಲ ಗಡುಸಾಗಿ ಹೇಳಿದಳು: "ನಾನು ಒಮ್ಮೆ ಇದನ್ನು ಮಾಡಿದ್ದೇನೆ ಅಂತ ನಿನಗೆ ಹೇಳಿದ್ದೆ. ನೀನು ಎದುರಿಗೆ ಕೂತು ಕೇಳಿದ್ದೆ. ಆದರೂ ನನ್ನ ಕೈಯಲ್ಲಿ ಎರಡನೇ ಸಲ ಮಾಡಿಸಿದೆ. ಈಗ ಮನೆಗೆ ಹೋಗು."

ಮುಂದಿನ ಭಾನುವಾರ ರಾದ್ಮಿಲಾ ಕ್ಯಾಮೆರಾ ನೋಡಿ ತಪ್ಪೊಪ್ಪಿಕೊಂಡಳು. ಕಳೆದ ವಾರ ಒಬ್ಬ ತಾಯಿಯ ಮಾತನ್ನು ತಪ್ಪಾಗಿ ತೋರಿಸಿದೆವು, ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳಬೇಕಾದವಳು ನಾನು, ಮಾಡಿಕೊಳ್ಳಲಿಲ್ಲ ಎಂದಳು. ಪ್ರಭಾವತಿಯ ಹೆಸರೆತ್ತಲಿಲ್ಲ. ನಲವತ್ತು ಸೆಕೆಂಡನ್ನು ಸರಿಯಾದ ಅಕ್ಷರಗಳೊಂದಿಗೆ ಮತ್ತೆ ತೋರಿಸಿದಳು. ಮನೆಯಲ್ಲಿ ನೋಡುತ್ತ ಕೂತಿದ್ದ ಪ್ರಭಾವತಿಗೆ ನಾಚಿಕೆಯಾಯಿತು. ಜೊತೆಗೆ ಮತ್ತೆ ಅದೇ ಹಳೆಯ ಹೊಗೆ: ಬೀಳುವಾಗಲೂ ಎಷ್ಟು ನೆಟ್ಟಗೆ ಬೀಳುತ್ತಾಳೆ ನೋಡು!

ದೊಡ್ಡ ವಾಹಿನಿಯವರು ನಯವಾಗಿ ಹಿಂದೆ ಸರಿದರು. ಸರಣಿ ಇನ್ನು ನಾಲ್ಕು ವಾರ ನಡೆದು ನಿಂತಿತು. ವಿಜಯ್ ಕುಮಾರನ ಸಂಸಾರ ಏಪ್ರಿಲ್‌ನಲ್ಲಿ ಊರಿಗೆ ಹೊರಟಿತು. ಹೊರಡುವ ಮುಂಚೆ ಪ್ರಭಾವತಿ ಫೋನಿನಲ್ಲಿ ಚಿಕ್ಕತಾಯಮ್ಮನ ಕ್ಷಮೆ ಕೇಳಿದಳು. "ಅಯ್ಯೋ ಬುಡವ್ವ, ಇಂಗ್ಲೀಸ್ನೋರು ಏನ್ ಓದ್ಕಂಡ್ರೆ ನಂಗೇನು," ಎಂದಳು ಮುದುಕಿ. ಮಗು ನೀರು ಹಾಕಿಸಿಕೊಳ್ಳುವಾಗ ಈಗ ಅಳುವುದಿಲ್ಲ ಎಂಬ ಸುದ್ದಿಯೇ ಅವಳಿಗೆ ಮುಖ್ಯವಾಗಿತ್ತು. ರಾದ್ಮಿಲಾ ಡೆಟ್ರಾಯಿಟ್ ಪಕ್ಕದ ವಾರೆನ್‌ಗೆ ಹೋದಳು. ಅಲ್ಲಿಯ ಸಣ್ಣ ರೇಡಿಯೋವೊಂದರಲ್ಲಿ, ಮುಚ್ಚಿದ ಕಾರ್ಖಾನೆಗಳ ಕೆಲಸಗಾರರನ್ನು ಮಾತಾಡಿಸುವ ಕೆಲಸ. ಹೊರಡುವ ದಿನ ಪ್ರಭಾವತಿ ಕೈಕುಲುಕಿದಳು.

ಮುಂದಿನ ವರ್ಷ ಕೀತ್ ಕನ್ನಡಕ್ಕೆ ತಿಂಗಳಿಗೊಂದು ಅರ್ಧ ಗಂಟೆ ಮರಳಿ ಕೊಟ್ಟ. ಪ್ರಭಾವತಿ ಈ ಸಲ ಕನ್ನಡ ಕೂಟದ ಕಡೆ ಹೋಗಲಿಲ್ಲ. ಶಿಕಾಗೋದ ಇನ್ನೊಂದು ಉಪನಗರ ಶಾಮ್‌ಬರ್ಗಿನ ಒಂದು ಅಪಾರ್ಟ್‌ಮೆಂಟಿಗೆ ಹೋಗಿ, ಎಂಟು ತಿಂಗಳಿಂದ ಪ್ರಾಜೆಕ್ಟ್ ಇಲ್ಲದೆ ಕೂತಿದ್ದ ಕಲ್ಲಿನಾಥ ಎಂಬ ಧಾರವಾಡದ ಕನ್ಸಲ್ಟೆಂಟನ ಎದುರು ಕೂತಳು. ಅವನು ಮೊದಲು ಎಲ್ಲರಂತೆ, ಎಲ್ಲಾ ಆರಾಮ ಐತ್ರಿ ಎಂದ. ಪ್ರಭಾವತಿಗೆ ಮುಂದಿನ ಪ್ರಶ್ನೆ ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡಳು. ಗಡಿಯಾರದ ಮುಳ್ಳು ಓಡಿತು. ಕ್ಯಾಮೆರಾದ ಹುಡುಗಿ ಅವಳನ್ನೇ ನೋಡಿದಳು.

"ದಿನಾ ಮುಂಜಾನೆ ಅಂಗಿಗೆ ಇಸ್ತ್ರಿ ಮಾಡ್ತೇನ್ರಿ," ಎಂದ ಕಲ್ಲಿನಾಥ, ನೆಲ ನೋಡುತ್ತ. "ಹೋಗೂದು ಎಲ್ಲಿಗೂ ಇಲ್ಲ. ಆದ್ರ ಇಸ್ತ್ರಿ ಮಾಡ್ಲಿಲ್ಲಂದ್ರ ಹತ್ತೂವರೆ ಹೊತ್ತಿಗೆ ಅಳು ಬರ್ತದ್ರಿ."

ಪ್ರಸಾರವಾದ ಮೇಲೆ ಪ್ರಭಾವತಿ ಅದರ ಲಿಂಕನ್ನು ರಾದ್ಮಿಲಾಳಿಗೆ ಕಳಿಸಿದಳು, ಇಂಗ್ಲಿಷ್ ಅಕ್ಷರಗಳನ್ನು ಮೂರು ಸಲ ತಿದ್ದಿ. ಯಾಕೆ ಕಳಿಸುತ್ತಿದ್ದೇನೆಂದು ಸರಿಯಾಗಿ ಗೊತ್ತಿರಲಿಲ್ಲ. ಹೊಗಳಲಿ ಎಂದೇ ಇರಬೇಕು. ನಾಲ್ಕು ದಿನ ಬಿಟ್ಟು ಉತ್ತರ ಬಂತು, ಒಂದೇ ಸಾಲು: "ಆತ ಮಾತಾಡುವಾಗ ಹಿಂದೆ ಫ್ರಿಜ್ಜಿನ ಗುಂಯ್‌ಗುಡುವ ಸದ್ದಿದೆ, ಮುಂದಿನ ಸಲ ಅದರ ಪ್ಲಗ್ ತೆಗೆದುಬಿಡು."

ಪ್ರಭಾವತಿ ಇಡೀ ದಿನ ಕುದ್ದಳು. ಇವಳ್ಯಾರು ನನಗೆ ಹೇಳಲು ಎಂದು ಉಪೇಂದ್ರನ ಮುಂದೆ ಕೂಗಾಡಿದಳು. ಅವನು ಮೆತ್ತಗೆ ವಾಕಿಂಗಿಗೆ ಎದ್ದುಹೋದ. ಅವನು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಧ್ವನಿ ಪೂರ್ತಿ ಏರಿಸಿದಳು. ಕಲ್ಲಿನಾಥನ ಮಾತಿನ ಹಿಂದೆ, ಮೊದಲಿಂದ ಕೊನೆಯ ತನಕ, ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು.